ಛಂದಸ್ಸು ಕಿವಿಯಿಂದ ಶುರುವಾಗಲಿ

ಕನ್ನಡದಲ್ಲಿ ಯಾವುದು ಕಷ್ಟ ಎಂದು ಹತ್ತನೇ ತರಗತಿಯ ಮಕ್ಕಳನ್ನು ಕೇಳಿ ನೋಡಿ. ಬಹಳ ಮಂದಿ ಛಂದಸ್ಸು ಎನ್ನುತ್ತಾರೆ. ‘ಯಮಾತಾರಾಜಭಾನಸಲಗಂ’ ಬಾಯಿಪಾಠ ಇರುತ್ತದೆ, ಪ್ರಸ್ತಾರ ಹಾಕಲೂ ಬರುತ್ತದೆ. ಅದೇ ಪದ್ಯವನ್ನು ಗಟ್ಟಿಯಾಗಿ ಓದು ಎಂದರೆ ತಡವರಿಸುತ್ತಾರೆ. ತಪ್ಪು ಮಕ್ಕಳದಲ್ಲ. ಕಿವಿಯಿಂದ ಕಲಿಯಬೇಕಾದ್ದನ್ನು ನಾವು ಬರೀ ಪೆನ್ನಿನಿಂದ ಕಲಿಸುತ್ತಿದ್ದೇವೆ.

ವಿಷಯ ಅಷ್ಟೇನೂ ಕಠಿಣವಲ್ಲ. ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆಯೇ ಮಾತ್ರೆ. ಗಿಡ್ಡ ಅಕ್ಷರ ಲಘು, ಅದಕ್ಕೆ 1 ಮಾತ್ರೆ. ದೀರ್ಘಾಕ್ಷರ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು, 2 ಮಾತ್ರೆ. ‘ಗದಗ’ ಎಂದರೆ ಮೂರು ಲಘು, 3 ಮಾತ್ರೆ. ‘ಕೊಪ್ಪಳ’ದಲ್ಲಿ ಮುಂದೆ ಒತ್ತು ಇರುವುದರಿಂದ ‘ಕೊ’ ಗುರು, ಒಟ್ಟು 4 ಮಾತ್ರೆ.

ಈಗ ಬಸ್‌ಸ್ಟ್ಯಾಂಡಿನಲ್ಲಿ ಕೂಗುವ ಹಾಗೆ ‘ಗದಗ ಕೊಪ್ಪಳ ಗದಗ ಕೊಪ್ಪಳ’ ಎನ್ನಿ. 3, 4, 3, 4. ಗದುಗಿನ ಕುಮಾರವ್ಯಾಸ ಭಾರತ ಬರೆದ ಭಾಮಿನಿ ಷಟ್ಪದಿಯ ಅಳತೆ ಇದೇ. ಆರು ಸಾಲುಗಳಲ್ಲಿ 1, 2, 4, 5ನೇ ಸಾಲು ಹೀಗೆ ನಡೆಯುತ್ತವೆ. 3 ಮತ್ತು 6ನೇ ಸಾಲಿನಲ್ಲಿ ‘ಗದಗ ಕೊಪ್ಪಳ’ ಮೂರು ಸಲ, ಕೊನೆಗೆ ಕಂಡಕ್ಟರ್ ‘ರೈಟ್’ ಎಂದಂತೆ ಒಂದು ಗುರು. ಚಪ್ಪಾಳೆ ತಟ್ಟುತ್ತ ಇದನ್ನು ಹೇಳಿಸಿ, ಆಮೇಲೆ ಪ್ರಸ್ತಾರ ಹಾಕಿಸಿ.

ಈಗಿನ ಕವಿತೆಗೆ ಛಂದಸ್ಸೇ ಬೇಕಿಲ್ಲ, ಈ ಹೆಸರುಗಳೆಲ್ಲ ಯಾಕೆ ಎನ್ನುವವರಿದ್ದಾರೆ. ಹೆಸರು ಬೇಕು. ನಮ್ಮ ಅಜ್ಜಿಯರು ಬೀಸುವಾಗ ಹಾಡಿದ ಪದಗಳಲ್ಲಿ ಬಹಳಷ್ಟು ತ್ರಿಪದಿಗಳೇ. ಮೂರು ಸಾಲು, 4, 4, 3ರಂತೆ 11 ಗಣ. ಸಾಲುಗಳ ಎರಡನೇ ಅಕ್ಷರ ಒಂದೇ ಆಗಿ ಬರುವ ಪ್ರಾಸವೂ ಅವುಗಳಲ್ಲಿ ಸಿಗುತ್ತದೆ. ಸುಮಾರು 1300 ವರ್ಷ ಹಿಂದಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿರುವುದೂ ತ್ರಿಪದಿ, ಸರ್ವಜ್ಞ ಬಳಸಿದ್ದೂ ತ್ರಿಪದಿ. ಇದು ಗೊತ್ತಿಲ್ಲದ ಮೊಮ್ಮಗಳಿಗೆ ಅಜ್ಜಿಯ ಹಾಡು ‘ಹಳೇ ಕಾಲದ್ದು’ ಅಷ್ಟೆ. ಗೊತ್ತಾದರೆ, ಪಠ್ಯಪುಸ್ತಕದಲ್ಲಿ ಇರುವುದೇ ತನ್ನ ಮನೆಯಲ್ಲೂ ಇದೆ ಎಂದು ತಿಳಿಯುತ್ತದೆ.

ಅಲಂಕಾರವೂ ಹಾಗೆಯೇ. ‘ಅವನ ಮಾತು ಕತ್ತಿಯ ಹಾಗೆ’ ಎಂದರೆ ಉಪಮೆ, ‘ಅವನ ಮಾತೇ ಕತ್ತಿ’ ಎಂದರೆ ರೂಪಕ. ಕಟ್ಟೆಯ ಮೇಲೆ ಕೂತು ದಿನವೂ ಆಡುವ ಮಾತು ಇದು.

ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು, ಪದಗಳೂ ನಿಂತವು. ಹಾಡಬಲ್ಲವರು ಈಗ ಪ್ರತಿ ಊರಲ್ಲೂ ಕೆಲವರೇ, ಅವರಿಗೂ ವಯಸ್ಸಾಗಿದೆ. ಕನ್ನಡ ಮೇಷ್ಟ್ರುಗಳಲ್ಲಿ ನನ್ನ ಮನವಿ ಇಷ್ಟೆ: ಈ ವರ್ಷ ಛಂದಸ್ಸಿನ ಪಾಠಕ್ಕೆ ಮುಂಚೆ ಅಂಥ ಒಬ್ಬ ಅಜ್ಜಿಯನ್ನು ಶಾಲೆಗೆ ಕರೆಯಿರಿ. ಮಕ್ಕಳು ಕೇಳಲಿ, ಹಾಡನ್ನು ಮೂರು ಸಾಲಾಗಿ ಬರೆದುಕೊಳ್ಳಲಿ, ಪ್ರಾಸ ಹುಡುಕಲಿ. ಓದುಗರೇ, ನೀವೂ ಅಷ್ಟು ಮಾಡಬಹುದು. ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ರೆಕಾರ್ಡರ್ ಇದೆ, ಅಜ್ಜಿ ಮನೆಯಲ್ಲಿದ್ದಾರೆ.