ರೀಲ್ಸ್ ದಾಖಲೆಯಲ್ಲ

ಮಳೆಗಾಲದಲ್ಲಿ ಗೋಕಾಕ ಜಲಪಾತ ಮೈದುಂಬಿತೆಂದರೆ ಅದರ ಮೇಲೆ ಡ್ರೋನುಗಳ ಹಾರಾಟ ಶುರು. ಘಟಪ್ರಭೆಯ ಕೆಂಪು ನೀರು, ತೂಗುಸೇತುವೆ, ದಂಡೆಯ ಚಾಲುಕ್ಯರ ಕಾಲದ ಗುಡಿ ಎಲ್ಲವೂ ಮೂವತ್ತು ಸೆಕೆಂಡಿನಲ್ಲಿ ಮುಗಿಯುತ್ತವೆ. ನೋಡಲು ಚೆಂದ, ಒಪ್ಪೋಣ. ಆದರೆ ಇದನ್ನೇ ‘ಪರಂಪರೆಯ ದಾಖಲೀಕರಣ’ ಎಂದು ಕರೆಯುತ್ತಾರಲ್ಲ, ನನ್ನ ತಕರಾರು ಅದಕ್ಕೆ.

ದಾಖಲೆ ಎಂದರೆ ಅಳತೆ. ಗುಡಿಯೊಂದರ ಮಾದರಿ ಬೇಕಾದರೆ ಡ್ರೋನು ಹೊಲ ಉತ್ತಂತೆ ಸಾಲು ಹಿಡಿದು ಹಾರಬೇಕು. ಒಂದು ಚಿತ್ರದ ಮುಕ್ಕಾಲು ಪಾಲು ಮುಂದಿನ ಚಿತ್ರದಲ್ಲೂ ಇರಬೇಕು. ನೆಲದ ಮೇಲೆ ಗುರುತುಗಳನ್ನಿಟ್ಟು ಅವುಗಳ ಅಕ್ಷಾಂಶ, ರೇಖಾಂಶ, ಎತ್ತರ ಬರೆದುಕೊಳ್ಳಬೇಕು. ಆಗ ಕಂಪ್ಯೂಟರು ನೂರಾರು ಚಿತ್ರಗಳನ್ನು ಹೊಂದಿಸಿ ಮೂರು ಆಯಾಮದ ಮಾದರಿ ಕಟ್ಟುತ್ತದೆ. ಐದು ವರ್ಷ ಬಿಟ್ಟು ಮತ್ತೆ ಹಾರಿಸಿದರೆ ಯಾವ ಕಲ್ಲು ಸರಿದಿದೆ, ಯಾವುದು ಕಾಣೆಯಾಗಿದೆ ಎಂದು ಹೇಳಬಹುದು. ಇದನ್ನು ಯಾವ ರೀಲ್ಸೂ ಹೇಳದು.

ಇಂಥ ಅಳತೆ ಎಲ್ಲಕ್ಕಿಂತ ಮೊದಲು ಬೇಕಿರುವುದು ಹೆಸರಾದ ಜಾಗಗಳಿಗಲ್ಲ. ಹುಕ್ಕೇರಿಯ ಆದಿಲಶಾಹಿ ಕಾಲದ ಗುಮ್ಮಟಗಳು ದೂರದಿಂದಲೇ ಕಾಣುತ್ತವೆ. ಅವಕ್ಕೆ ಏನಾದರೂ ಆದರೆ ಊರಿಗೆ ಗೊತ್ತಾಗುತ್ತದೆ. ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಶಿಲಾಗೋರಿಗಳ ಕತೆ ಬೇರೆ. ಜನ ‘ಪಾಂಡವರ ಮನೆ’ ಎನ್ನುವ ಈ ಬಗೆಯ ಗೋರಿಗೆ ಶಿಖರವಿಲ್ಲ, ಶಾಸನವಿಲ್ಲ. ಅರಿಯದವರ ಕಣ್ಣಿಗೆ ಅದು ಬದುವಿಗೆ ಒದಗುವ ಚಪ್ಪಡಿ. ಅಳಿಸಿಹಾಕಲು ಒಂದು ಜೆಸಿಬಿ, ಒಂದು ಮಧ್ಯಾಹ್ನ ಸಾಕು. 1958ರ ಸ್ಮಾರಕ ಕಾಯ್ದೆಯಡಿ ರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶವಿದೆ. ಪಟ್ಟಿ ಸೇರದ ಕಲ್ಲಿಗೆ ಆ ಬೇಲಿಯೂ ಇಲ್ಲ.

ಡ್ರೋನಿಗೆ ಎಲ್ಲವೂ ಕಾಣುತ್ತದೆ ಎಂಬುದೂ ಭ್ರಮೆ. ಮುಚ್ಚುಗಲ್ಲಿನ ಕೆಳಗೆ ಅದರ ಕಣ್ಣು ಹೋಗದು. ಅಲ್ಲಿ ಮೊಣಕಾಲೂರಿ ಕ್ಯಾಮೆರಾ ಹಿಡಿಯಬೇಕು. ಹೊಲದ ಹೆಸರು, ಕಲ್ಲಿನ ಕತೆ ಗೊತ್ತಿರುವುದು ಆ ಊರಿನ ಹಿರಿಯರಿಗೆ. ಕೇಳಿ ಬರೆದುಕೊಳ್ಳದ ಮಾದರಿ ಬರೀ ಬೊಂಬೆ.

‘ಇದು ದೊಡ್ಡವರ ಕೆಲಸ’ ಎನ್ನುವವರಿದ್ದಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಮಾಡಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾಲೇಜುಗಳಲ್ಲಿ ಇತಿಹಾಸದ ವಿದ್ಯಾರ್ಥಿಗಳೂ ಕಂಪ್ಯೂಟರಿನ ವಿದ್ಯಾರ್ಥಿಗಳೂ ಇದ್ದಾರೆ. ಅವರನ್ನು ಒಟ್ಟಿಗೆ ಕೂರಿಸಿ, ಬೇಕಾದ ಅನುಮತಿ ಕೊಡಿಸಿ, ಹೊಲಕ್ಕೆ ಕಳಿಸಿದರೆ ಸಾಕು. ತೆಗೆದ ಚಿತ್ರ, ಅಳತೆ, ಮಾದರಿ ಯಾರದೋ ಹಾರ್ಡ್‌ಡಿಸ್ಕಿನಲ್ಲಿ ಕೊಳೆಯದೆ ತಾಲ್ಲೂಕಿನ ಗ್ರಂಥಾಲಯದಲ್ಲಿ ಇರಲಿ.

ಜಲಪಾತ ಮುಂದಿನ ಮಳೆಗಾಲಕ್ಕೂ ಧುಮುಕುತ್ತದೆ. ಕೊಣ್ಣೂರಿನ ಚಪ್ಪಡಿಗೆ ಆ ಭರವಸೆ ಇಲ್ಲ. ಡ್ರೋನನ್ನು ಮೊದಲು ಅತ್ತ ತಿರುಗಿಸಿ.