ನಕ್ಷೆಯಾದರೂ ಉಳಿಯಬೇಕಲ್ಲವೇ?

ಗೋಕಾಕ, ಮೂಡಲಗಿ, ಹುಕ್ಕೇರಿ: ಮೂರೂ ತಾಲ್ಲೂಕು ಕೇಂದ್ರಗಳಿಗೆ ರೈಲು ಹಳಿ ಮುಟ್ಟಿಲ್ಲ. ಇಲ್ಲಿನವರು ಗಾಡಿ ಹಿಡಿಯಲು ಘಟಪ್ರಭಾ, ಗೋಕಾಕ ರೋಡ್ ಇಲ್ಲವೇ ಪಾಶ್ಚಾಪುರಕ್ಕೆ ಹೋಗಬೇಕು. ಊರಿನಿಂದ ದೂರ ಇದ್ದುದರಿಂದಲೇ ಇಂಥ ನಿಲ್ದಾಣಗಳ ಸುತ್ತ ಬೇರೆಯದೇ ವಸತಿ ಬೆಳೆಯಿತು. ಸ್ಟೇಷನ್ ಮಾಸ್ತರರ ಮನೆ, ಗ್ಯಾಂಗ್‌ಮನ್‌ಗಳ ಚಾಳು, ಗೂಡ್ಸ್ ಶೆಡ್, ಗೇಟಿನವನ ಕೋಣೆ, ಒಂದು ಬಾವಿ. ಈಗ ಸದ್ದಿಲ್ಲದೆ ಕಾಣೆಯಾಗುತ್ತಿರುವುದು ಈ ಸಣ್ಣಪುಟ್ಟ ಕಟ್ಟಡಗಳು.

1876–78ರ ಭೀಕರ ಬರದ ನಂತರ ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿತು. ಲೋಂಡಾ–ಬೆಳಗಾವಿ–ಮೀರಜ್ ಮೀಟರ್‌ಗೇಜ್ ಹಳಿ ಬಿದ್ದದ್ದು ಆ ದಶಕದ ಕೊನೆಯ ಭಾಗದಲ್ಲಿ. ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ ಶುರುವಾದದ್ದೂ ಅದೇ ದಶಕದಲ್ಲಿ. ಮುಂದೆ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಸೇವಾದಳದ ಎನ್.ಎಸ್. ಹರ್ಡೀಕರ್ ಘಟಪ್ರಭಾವನ್ನು ತಮ್ಮ ಕಾರ್ಯಕ್ಷೇತ್ರ ಮಾಡಿಕೊಂಡರು. ಈ ಭಾಗದ ಕೈಗಾರಿಕೆ, ಚಳವಳಿ ಎರಡಕ್ಕೂ ಈ ಹಳಿಯ ನಂಟಿದೆ.

ಗೇಜ್ ಬದಲಾದಾಗಲೇ ಹಳೆಯದೆಲ್ಲ ಹೋಯಿತು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. 1990ರ ದಶಕದಲ್ಲಿ ಬ್ರಾಡ್‌ಗೇಜ್ ಬಂದಾಗ ಹಳಿ ಅಗಲವಾಯಿತು, ಆದರೆ ಒಂಟಿಯಾಗಿಯೇ ಉಳಿಯಿತು. ನಿಜವಾದ ಏಟು ಬೀಳುವುದು ಜೋಡಿ ಮಾರ್ಗದಿಂದ. ಎರಡನೇ ಹಳಿಗೆ ಜಾಗ ಬೇಕು, ಪ್ಲಾಟ್‌ಫಾರ್ಮ್ ಎತ್ತರವಾಗಬೇಕು, ಎಲೆಕ್ಟ್ರಾನಿಕ್ ಸಿಗ್ನಲ್ ಉಪಕರಣಗಳಿಗೆ ಹೊಸ ಕೋಣೆ ಬೇಕು. ಲೆವೆಲ್ ಕ್ರಾಸಿಂಗ್ ಮುಚ್ಚಿ ಕೆಳಸೇತುವೆ ಕಟ್ಟಿದರೆ ಗೇಟಿನ ಕೋಣೆಗೆ ಕೆಲಸವೇ ಇಲ್ಲ. ಸುಮಾರು 186 ಕಿ.ಮೀ.ನ ಲೋಂಡಾ–ಮೀರಜ್ ಜೋಡಿ ಮಾರ್ಗ ಬೇಡವೆಂದು ಯಾರೂ ಹೇಳಲಾರರು. ಒಂಟಿ ಹಳಿಯಲ್ಲಿ ಎದುರು ಗಾಡಿಯ ಕ್ರಾಸಿಂಗ್‌ಗಾಗಿ ಗಂಟೆಗಟ್ಟಲೆ ಕಾದು ಕುಳಿತವರಂತೂ ಹೇಳುವುದೇ ಇಲ್ಲ.

ಪ್ರಶ್ನೆ ಇರುವುದು ಕೆಡವುವ ರೀತಿಯಲ್ಲಿ. 1989ರ ರೈಲ್ವೆ ಕಾಯ್ದೆಯ 11ನೇ ಕಲಂ ಬೇರೆ ಕಾನೂನುಗಳು ಏನೇ ಹೇಳಲಿ, ರೈಲ್ವೆಗೆ ತನ್ನ ಕಾಮಗಾರಿ ನಡೆಸುವ ಅಧಿಕಾರ ಕೊಟ್ಟಿದೆ. ಗ್ರಾಮ ಪಂಚಾಯಿತಿಯನ್ನು ಕೇಳಬೇಕಾಗಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ನೂರು ವರ್ಷ ದಾಟಿದ ಕಟ್ಟಡವನ್ನು ಸ್ಮಾರಕವೆಂದು ಪರಿಗಣಿಸಬಲ್ಲದು, ಆದರೆ ಸರ್ಕಾರ ಘೋಷಿಸದ ಹೊರತು ಆ ವಯಸ್ಸಿಗೆ ಬೆಲೆಯಿಲ್ಲ. ಗ್ಯಾಂಗ್‌ಮನ್ ಚಾಳನ್ನು ಯಾರು ಘೋಷಿಸುತ್ತಾರೆ? ಗೋಡೆಯ ಕಲ್ಲು, ಹೆಂಚು, ಸಾಗವಾನಿ ಚೌಕಟ್ಟು ಕೊನೆಗೆ ಗುಜರಿ ಲೆಕ್ಕಕ್ಕೆ ಸೇರುತ್ತವೆ.

ಅಮೃತ ಭಾರತ ಯೋಜನೆಯಲ್ಲಿ ನವೀಕರಣಗೊಂಡ ದೇಶದ 103 ನಿಲ್ದಾಣಗಳನ್ನು 2025ರ ಮೇ 22ರಂದು ಪ್ರಧಾನಿ ಉದ್ಘಾಟಿಸಿದರು. ಆ ಪಟ್ಟಿಯಲ್ಲಿ ಗೋಕಾಕ ರೋಡ್ ಕೂಡ ಇತ್ತು. ಸಣ್ಣ ನಿಲ್ದಾಣಕ್ಕೆ ಇಂಥ ಭಾಗ್ಯ ಬಂದದ್ದು ಸಂತೋಷವೇ. ಆದರೆ ಯೋಜನೆಯ ಕಣ್ಣು ಇರುವುದು ಮುಂಬಾಗಿಲು, ಲಿಫ್ಟು, ನಿರೀಕ್ಷಣಾ ಕೊಠಡಿಗಳ ಮೇಲೆ. ಹಿಂದಿನ ಚಾಳು ಅದಕ್ಕೆ ಕಾಣುವುದಿಲ್ಲ. ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂನಲ್ಲಿ ಹಳೆಯ ಎರಡು ಕಟ್ಟಡಗಳನ್ನು ಉಳಿಸಿ, ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟಿದ್ದಾರೆ. ಹೊಳೆಯ ಹೆಸರು ಹುಬ್ಬಳ್ಳಿಯಲ್ಲಿ ಭದ್ರ, ದಂಡೆಯ ಕಟ್ಟಡದ ಗತಿ ಕೇಳುವವರಿಲ್ಲ!

ಮನಸ್ಸಿದ್ದರೆ ದಾರಿ ಇದೆ. ಚಿಕ್ಕಬಳ್ಳಾಪುರ ಮಾರ್ಗದ ನಂದಿ ಹಾಲ್ಟ್, ದೊಡ್ಡಜಾಲ ಮುಂತಾದ ಪುಟ್ಟ ನಿಲ್ದಾಣಗಳ ಜೀರ್ಣೋದ್ಧಾರಕ್ಕೆ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ರೈಲ್ವೆಯೊಂದಿಗೆ ಕೈಜೋಡಿಸಿತು. ಅವು ಬೆಂಗಳೂರಿನ ಮಗ್ಗುಲಲ್ಲಿವೆ, ವಾರಾಂತ್ಯಕ್ಕೆ ಜನ ಬರುತ್ತಾರೆ. ಪಾಶ್ಚಾಪುರಕ್ಕೆ ಆ ಅನುಕೂಲವಿಲ್ಲ. ಆದ್ದರಿಂದ ಎಲ್ಲವನ್ನೂ ಉಳಿಸಿ ಎಂದು ಕೇಳುವುದು ವ್ಯರ್ಥ. ಹಳಿಗೆ ಅಡ್ಡ ಬಾರದ ಗೂಡ್ಸ್ ಶೆಡ್ಡನ್ನು ಪಂಚಾಯಿತಿಗೆ ಗ್ರಂಥಾಲಯಕ್ಕೋ ಸ್ವಸಹಾಯ ಸಂಘದ ಮಳಿಗೆಗೋ ಬಾಡಿಗೆಗೆ ಕೊಡಬಹುದು. ಅಡ್ಡ ಬರುವುದನ್ನು ಕೆಡವಲಿ, ಆದರೆ ಅದಕ್ಕೆ ಮೊದಲು ಅಳತೆ ನಕ್ಷೆ ಬರೆಸಿ, ನಾಲ್ಕೂ ಮಗ್ಗುಲ ಫೋಟೊ ತೆಗೆಸಿ, ಅಲ್ಲಿ ದುಡಿದು ನಿವೃತ್ತರಾದವರ ಮಾತು ಬರೆದಿಡಲಿ. ಈ ದಾಖಲೆ ಸಲ್ಲಿಸದ ಗುತ್ತಿಗೆದಾರರಿಗೆ ಕೊನೆಯ ಬಿಲ್ಲು ಪಾಸಾಗದು ಎಂಬ ಒಂದು ಷರತ್ತನ್ನು ನೈಋತ್ಯ ರೈಲ್ವೆ ತನ್ನ ಟೆಂಡರಿಗೆ ಸೇರಿಸಿದರೆ ಸಾಕು.