ಮುಪ್ಪಿನ ಮರಕ್ಕೆ ಒಡೆಯರಾರು?

ಬೇಸಗೆಯ ಬಿಸಿಲು ಬೆಂಗಳೂರಿನ ನೆತ್ತಿಯನ್ನು ಕಾಯಿಸಿ, ಅಪರಾಹ್ಣ ಕಳೆದೊಡನೆ ಮೋಡ ಕವಿದು, ಅರ್ಧ ತಾಸಿನ ಬಿರುಗಾಳಿಯೊಡನೆ ಭರಣಿಯ ಮಳೆ ಸುರಿದು ಹೋದ ಮರುದಿನ ಬೆಳಗ್ಗೆ, ಹಳೆಯ ಬಡಾವಣೆಗಳ ಬೀದಿಗಳಲ್ಲಿ ಕಾಣುವ ದೃಶ್ಯವು ಪ್ರತಿವರ್ಷವೂ ಒಂದೇ: ಅಡ್ಡಬಿದ್ದ ಗುಲ್‌ಮೊಹರ್, ಅದರಡಿ ಜಜ್ಜಿಹೋದ ಕಾರು, ಹರಿದು ಜೋತ ವಿದ್ಯುತ್ ತಂತಿ, ಗರಗಸ ಹಿಡಿದು ಬಂದ ನಾಲ್ವರು ಕೆಲಸಗಾರರು, ಸುತ್ತ ನೆರೆದು ‘ಇದನ್ನು ಮೊದಲೇ ಕಡಿಸಬೇಕಾಗಿತ್ತು’ ಎನ್ನುವ ಜನ. ಹಾಗೆನ್ನುವವರ ಪೈಕಿ ಆ ಮರವನ್ನು ಬುಡದಿಂದ ತುದಿಯವರೆಗೆ ಒಮ್ಮೆಯಾದರೂ ನಿಂತು ನೋಡಿದವರೆಷ್ಟು ಮಂದಿ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಸಮುದ್ರಮಟ್ಟದಿಂದ ಸುಮಾರು 900 ಮೀಟರುಗಳ ಎತ್ತರದಲ್ಲಿದ್ದು, ಮುಂಗಾರು ಹಿಂಗಾರುಗಳೆರಡರ ಮಳೆಯನ್ನೂ ಪಡೆಯುವ ಈ ಊರಿನಲ್ಲಿ ಮರಕ್ಕೆ ಹಿಮದ ಭಯವಿಲ್ಲ, ಉರಿಬೇಸಗೆಯ ಬಾಧೆಯೂ ಹೆಚ್ಚಿಲ್ಲ. 1898ರ ಪ್ಲೇಗಿನ ಅನಂತರ ಬಸವನಗುಡಿ, ಮಲ್ಲೇಶ್ವರಗಳಂಥ ವಿಶಾಲವಾದ ಬಡಾವಣೆಗಳು ರೂಪುಗೊಂಡವು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ಉದ್ಯಾನತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಮತ್ತೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿಕೊಟ್ಟನು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಲಕ್ಷಗಟ್ಟಲೆ ಸಸಿಗಳನ್ನು ನೆಡಿಸಿದರು. ಆದರೆ ಮರವನ್ನು ಬೇಗ ಬೆಳೆಸುವ ಈ ಊರಿನ ಹದವಾದ ತೇವವೇ, ಮರಕ್ಕೆ ಗಾಯವಾದಾಗ ಅದನ್ನು ಕೊಳೆಸುವ ಶಿಲೀಂಧ್ರವನ್ನೂ ಬೇಗ ಬೆಳೆಸುತ್ತದೆ. ನೆಟ್ಟವರು ತಮ್ಮ ಕರ್ತವ್ಯವನ್ನು ಮುಗಿಸಿ ಹೋಗಿದ್ದಾರೆ. ಅವರು ನೆಟ್ಟವು ಈಗ ಮುಪ್ಪಿನ ಹೊಸ್ತಿಲಿನಲ್ಲಿವೆ, ಕೆಲವು ಆಗಲೇ ಅದನ್ನು ದಾಟಿವೆ.

ನಮ್ಮ ಬೀದಿಯಲ್ಲಿಯೇ ಒಂದು ಮಳೆಮರವಿತ್ತು. ಸಂಜೆಯಾಗುತ್ತಲೇ ಎಲೆ ಮಡಿಸಿ ನಿದ್ರೆಹೋಗುತ್ತಿದ್ದ ಆ ಮರದ ನೆರಳು ಎದುರುಬದುರಿನ ನಾಲ್ಕು ಮನೆಗಳ ಮೇಲೆ ಹರಡಿತ್ತು. ಒಂದು ವರ್ಷ, ತಂತಿಗೆ ತಾಗುತ್ತದೆಂದು ಬೀದಿಯ ಮಗ್ಗುಲಿನ ಕೊಂಬೆಗಳನ್ನೆಲ್ಲ ಸವರಿದರು. ಇನ್ನೊಂದು ವರ್ಷ, ಚರಂಡಿಯನ್ನು ಹೊಸದಾಗಿ ಕಟ್ಟುವಾಗ ತೊಡೆಗಾತ್ರದ ಎರಡು ಬೇರುಗಳನ್ನು ಕಡಿದರು. ಮೂರನೆಯ ವರ್ಷ, ಕಾಲುದಾರಿಗೆ ಕಲ್ಲು ಹಾಸಿದವರು ಬುಡಕ್ಕೆ ಅಂಟುವಂತೆ ಸಿಮೆಂಟು ಮೆತ್ತಿದರು. ಮೂರು ಕೆಲಸಗಳನ್ನು ಮಾಡಿದವರು ಮೂರು ಬೇರೆ ಗುಂಪಿನವರು. ಅವರಲ್ಲಿ ಯಾರೊಬ್ಬರೂ ಮರಕ್ಕೆ ಕೇಡು ಬಗೆದವರಲ್ಲ. ನಾವು ಬೀದಿಯವರು ಗೇಟಿನ ಬಳಿ ನಿಂತು ನೋಡಿದೆವು. ಬುಡದಲ್ಲಿ ತಟ್ಟೆಯಗಲದ ಅಣಬೆ ಎದ್ದಾಗ ಅದನ್ನು ಮಕ್ಕಳಿಗೆ ಕೌತುಕವೆಂದು ತೋರಿಸಿದವನು ನಾನೇ. ಅದು ಒಳಗಿನ ಕೊಳೆತಕ್ಕೆ ಸಾಕ್ಷಿಯೆಂದು ನನಗೆ ತಿಳಿದದ್ದು ಮರ ಉರುಳಿದ ಮೇಲೆ. ಅದು ಕೊಂಬೆಗಳು ಉಳಿದಿದ್ದ ಮಗ್ಗುಲಿಗೇ ವಾಲಿ, ಒಂದು ಮನೆಯ ಕಾಂಪೌಂಡಿನ ಮೇಲೆ ಬಿತ್ತು; ಪುಣ್ಯವಶಾತ್ ಅಲ್ಲಿ ಯಾರೂ ಇರಲಿಲ್ಲ. ಗಾಳಿ ಕೆಡವಿತೆಂದು ಎಲ್ಲರೂ ಹೇಳಿದರು. ಗಾಳಿ ಮಾಡಿದ್ದು ಕೊನೆಯ ಕೆಲಸವನ್ನಷ್ಟೆ.

ಮರವೆಷ್ಟು ಎತ್ತರವೋ ಬೇರು ಅಷ್ಟೇ ಆಳವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಸ್ತವವಾಗಿ, ನೀರನ್ನೂ ಸತ್ತ್ವವನ್ನೂ ಹೀರುವ ಬೇರುಗಳಲ್ಲಿ ಬಹುಪಾಲು ನೆಲದ ಮೇಲ್ಪದರದ ಒಂದೆರಡು ಅಡಿಗಳಲ್ಲಿಯೇ, ಕೊಂಬೆಗಳ ಹರವನ್ನೂ ಮೀರಿ ಹಬ್ಬಿರುತ್ತವೆ. ಏಕೆಂದರೆ ಬೇರಿಗೂ ಉಸಿರು ಬೇಕು, ಆ ಉಸಿರಿಗೆ ಬೇಕಾದ ಗಾಳಿ ಸಡಿಲವಾದ ಮೇಲ್ಮಣ್ಣಿನಲ್ಲಿಯೇ ದೊರೆಯತಕ್ಕದ್ದು. ಸಿಮೆಂಟು ಹೊದಿಸಿದ ನೆಲದಲ್ಲಿ ಬೇರಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ. ಹೂದೋಟದ ಅಂದಕ್ಕೆಂದು ಬುಡಕ್ಕೆ ಮಣ್ಣೇರಿಸಿದರೆ ತೊಗಟೆಯು ಸದಾ ತೇವದಲ್ಲಿ ನೆನೆದು ಕೊಳೆಯುತ್ತದೆ. ಬುಡದ ಸಮೀಪದ ದಪ್ಪ ಬೇರನ್ನು ಕಡಿದರಂತೂ ಆ ಕಡೆಯ ಲಂಗರನ್ನೇ ಕಿತ್ತಂತೆ. ಮಳೆಯಿಂದ ಮಣ್ಣು ಸಡಿಲಗೊಂಡು, ತೊಯ್ದ ಎಲೆಗಳ ಭಾರ ತಲೆಯ ಮೇಲೆ ಕುಳಿತು, ಗಾಳಿಯು ಬೀಸತೊಡಗಿದಾಗ, ಅಂಥ ಮರ ನಿಲ್ಲಬೇಕೆಂದು ಬಯಸುವುದಕ್ಕೆ ನಮಗೆ ಯಾವ ಅಧಿಕಾರವಿದೆ? ದೆಹಲಿಯ ಮರಗಳ ವಿಷಯದಲ್ಲಿ, ಬುಡದ ಸುತ್ತ ಒಂದು ಮೀಟರಿನಷ್ಟು ಸಿಮೆಂಟನ್ನು ತೆಗೆಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿಯೇ ಆದೇಶಿಸಿತು. ನಮ್ಮ ಕಾಲುದಾರಿಗಳನ್ನು ನೋಡಿದರೆ ಆ ಸುದ್ದಿ ಇಲ್ಲಿಗಿನ್ನೂ ಮುಟ್ಟಿದಂತಿಲ್ಲ.

ಕೊಂಬೆ ಸವರುವ ವಿಷಯವೂ ಇದೇ ಬಗೆಯದು. ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣದಲ್ಲಿ, ರೋಗಗ್ರಸ್ತವಾದ ಮರವನ್ನು ಮೊದಲು ಶಸ್ತ್ರದಿಂದ ಶೋಧಿಸಿ, ಬಳಿಕ ವಾಯುವಿಳಂಗ, ತುಪ್ಪ, ಕೆಸರುಗಳನ್ನು ಲೇಪಿಸಬೇಕೆಂದು ವಿಧಿಸಿದ್ದಾನೆ. ಕಳೆದ ಶತಮಾನದಲ್ಲಿ ಅಮೆರಿಕದ ಅರಣ್ಯವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿ, ನಮ್ಮ ಚರ್ಮದ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲವೆಂಬುದನ್ನೂ, ಕೆಟ್ಟ ಭಾಗದ ಸುತ್ತ ಮರವು ಗೋಡೆ ಕಟ್ಟಿಕೊಂಡು, ಹೊರಗೆ ಮರದ ಹೊಸ ಪದರವನ್ನು ಬೆಳೆಸಿ, ಗಾಯವನ್ನು ಒಳಗೇ ಹೂತುಬಿಡುತ್ತದೆಂಬುದನ್ನೂ ತೋರಿಸಿಕೊಟ್ಟನು. ಇದರಿಂದ ಪ್ರಾಚೀನನ ಲೇಪಕ್ಕೂ ಇಂದಿನ ಡಾಂಬರು ಬಣ್ಣಗಳಿಗೂ ಮಹತ್ತ್ವ ಕಡಮೆಯಾಯಿತು. ಪ್ರಾಚೀನನ ಶಸ್ತ್ರಕ್ಕೆ ಮಾತ್ರ ಹೆಚ್ಚಿತು. ಕೊಂಬೆಯು ಕಾಂಡವನ್ನು ಕೂಡುವಲ್ಲಿ ಬಳೆಯಂಥ ಒಂದು ಉಬ್ಬಿರುತ್ತದೆ. ಗೋಡೆ ಕಟ್ಟುವ ಶಕ್ತಿ ಇರುವುದು ಅಲ್ಲಿ. ಅದನ್ನು ಮುಟ್ಟದೆ, ಅದರ ಹೊರ ಅಂಚಿನಲ್ಲಿಯೇ ಕತ್ತರಿಸತಕ್ಕದ್ದು. ಕಾಂಡಕ್ಕೆ ಸಮವಾಗಿ ಹೆರೆಯುವುದೂ ತಪ್ಪು, ಗೇಣುದ್ದದ ಮೋಟು ಬಿಡುವುದೂ ತಪ್ಪು. ಭಾರವಾದ ಕೊಂಬೆಯಾದರೆ ಮೊದಲು ಅಡಿಯಿಂದ ಒಂದು ಕಚ್ಚು, ಆಮೇಲೆ ಅದರಾಚೆ ಮೇಲಿನಿಂದ ಕೊಯ್ತ, ಕೊನೆಗೆ ಉಬ್ಬಿನ ಅಂಚಿನಲ್ಲಿ ಮೂರನೆಯದು. ಹೀಗೆ ಮಾಡಿದರೆ ತೊಗಟೆ ಸುಲಿದು ಬರುವುದಿಲ್ಲ. ಇನ್ನು, ಮರ ಚಿಕ್ಕದಾಗಲೆಂದು ತಲೆಯನ್ನೇ ಬೋಳಿಸುವ ಪದ್ಧತಿಗೆ ಚಿಕಿತ್ಸೆಯೆಂಬ ಹೆಸರು ಸಲ್ಲದು. ಹಾಗೆ ಬೋಳಿಸಿದ ಕಡೆ ಒತ್ತಾಗಿ ಹೊರಡುವ ಚಿಗುರುಕೊಂಬೆಗಳು ಮೇಲುಮೇಲಕ್ಕೆ ಅಂಟಿಕೊಂಡಿದ್ದು, ನಾಲ್ಕಾರು ವರ್ಷಗಳಲ್ಲಿ ದಪ್ಪವಾಗಿ, ಅಪಾಯಕ್ಕೆ ಹೆದರಿ ಕಡಿಸಿದವನ ಮೇಲೆಯೇ ಮುರಿದು ಬೀಳುತ್ತವೆ.

ಇಷ್ಟು ತಿಳಿದ ಮೇಲೆಯೂ ಕೆಲಸ ಸಾಗದಿರುವುದಕ್ಕೆ ಕಾರಣ, ಮುಪ್ಪಿನ ಮರಕ್ಕೆ ಒಡೆಯರಿಲ್ಲದಿರುವುದು. ಬೀದಿಯ ಮರ ಪಾಲಿಕೆಯದೆಂದು ಮನೆಯವರು ಸುಮ್ಮನಿರುತ್ತಾರೆ. ಪಾಲಿಕೆಗೆ ಅದು ದೂರು ಬಂದಾಗಲಷ್ಟೇ ಕಾಣುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ತೆಂಗು, ನೀಲಗಿರಿ, ಸರ್ವೆ ಮುಂತಾದ ಕೆಲವನ್ನುಳಿದು, ನಮ್ಮದೇ ಹಿತ್ತಲಿನ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಇದು ಉಚಿತವಾದುದೇ. ಆದರೆ ಕಡಿಯಕೂಡದೆಂದು ಹೇಳುವ ವಿಧಿಯಿರುವಷ್ಟು ಸ್ಪಷ್ಟವಾಗಿ, ನೋಡಿಕೊಳ್ಳಬೇಕೆಂದು ಹೇಳುವ ರೂಢಿಯಿಲ್ಲ. 1950ರಲ್ಲಿ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವದಿಂದ ನೆಡುವುದಕ್ಕೆ ಒಂದು ಹಬ್ಬ ಒದಗಿತು. ಬೆಳೆದುದನ್ನು ಪಾಲಿಸುವುದಕ್ಕೆ ಹಬ್ಬವೊಂದಿಲ್ಲ.

ಅಪಾಯಕರವಾದ ಮರವನ್ನೂ ಉಳಿಸಬೇಕೆಂಬುದು ನನ್ನ ಹಟವಲ್ಲ. ಬುಡ ಕೊಳೆತು, ವಾಲಿದ ಮಗ್ಗುಲಿನ ಹಿಂದೆ ನೆಲ ಬಿರಿದು ಮೇಲೆದ್ದಿರುವ ಮರವನ್ನು ಕರುಣೆಯಿಂದ ನಿಲ್ಲಿಸಿ, ಅದರಡಿ ಹಾದುಹೋಗುವ ಹುಡುಗನ ಪ್ರಾಣವನ್ನು ಪಣವಿಡುವುದು ವೃಕ್ಷಪ್ರೇಮವೆನಿಸದು. ಆದರೆ ಪೊಳ್ಳಾದ ಮರಗಳೆಲ್ಲವೂ ಬೀಳುವಂಥವಲ್ಲ, ಹೊರಕವಚ ಗಟ್ಟಿಯಾಗಿದ್ದರೆ ಅವು ಬಹುಕಾಲ ನಿಲ್ಲಬಲ್ಲವು. ಈ ವಿವೇಕವನ್ನು ಮಾಡಬಲ್ಲವನು ತರಬೇತಿ ಪಡೆದು ಮರ ಹತ್ತುವವನೇ ಹೊರತು, ಬಿರುಗಾಳಿಯ ಮರುದಿನ ಗರಗಸ ಹಿಡಿದ ಗುತ್ತಿಗೆದಾರನಲ್ಲ. ಅಂಥ ಕೆಲವರನ್ನು ಪ್ರತಿ ವಾರ್ಡಿಗೂ ಒದಗಿಸುವುದು ಪಾಲಿಕೆಯ ಹೊಣೆ. ಸಂಕ್ರಾಂತಿಯ ವೇಳೆಗೆ ಹಿಂಗಾರು ಮುಗಿದಿರುತ್ತದೆ, ಗಾಳಿಮಳೆಗೆ ಇನ್ನೂ ಮೂರು ತಿಂಗಳ ಅವಧಿಯಿರುತ್ತದೆ. ಆಗ ಪರೀಕ್ಷೆಯನ್ನೂ, ಯುಗಾದಿಯೊಳಗೆ, ಗಾಯಕ್ಕೆ ತೇವ ತಾಗದ ಒಣಹವೆಯಲ್ಲಿ, ಚಿಕಿತ್ಸೆಯನ್ನೂ ಮುಗಿಸುವುದು ಅಸಾಧ್ಯವಾದ ಕಾರ್ಯವಲ್ಲ. ಬುಡದ ಅಣಬೆ, ಟೊಂಗೆಯ ಬಂದಳಿಕೆ, ತೊಗಟೆಯೊಳಗೆ ಹೂತ ಮೊಳೆ, ಒಣಗಿ ನಿಂತ ರೆಂಬೆ, ಇವನ್ನು ಕಂಡು ತಿಳಿಸುವುದಕ್ಕೆ ಪಾಂಡಿತ್ಯ ಬೇಕಿಲ್ಲ. ಅದು ಬೀದಿಯವರ ಪಾಲು.

ಕಳೆದ ಸಂಕ್ರಾಂತಿಯಲ್ಲಿ ನಮ್ಮ ಬೀದಿಯ ನಾಲ್ಕು ಮನೆಯವರು, ಆ ಮಳೆಮರದ ನೆರಳನ್ನು ಕಳೆದುಕೊಂಡವರೇ, ಕೂಡಿ ಅನುಮತಿ ಪಡೆದು, ತಿರುವಿನಲ್ಲಿರುವ ಹಳೆಯ ಹೊಂಗೆಯ ಬುಡದ ಸಿಮೆಂಟನ್ನು ಒಡೆಸಿದೆವು. ಕೂಲಿಯವನಿಗೆ ಹಿಡಿದದ್ದು ಒಂದು ಬೆಳಗು. ಕೆಳಗಿನ ಮಣ್ಣು ಬೂದಿಯಂತೆ ಒಣಗಿತ್ತು. ಅದರ ಮೇಲೆ ಹೊಂಗೆಯದೇ ತರಗೆಲೆಗಳನ್ನು ಹರಡಿದೆವು. ಏಪ್ರಿಲಿನ ಮೊದಲ ಮಳೆಯ ದಿನ, ವರ್ಷವರ್ಷವೂ ಬುಡವನ್ನು ಬಳಸಿಕೊಂಡು ಚರಂಡಿಗೆ ಓಡುತ್ತಿದ್ದ ನೀರು, ಅಲ್ಲಿ ಬಂದು ನಿಂತು, ಗುಳ್ಳೆಯೆಬ್ಬಿಸುತ್ತ ಒಳಗಿಳಿಯಿತು. ಕೊಡೆ ಹಿಡಿದು ನಾವು ಅಲ್ಲಿಯೇ ಬಹಳ ಹೊತ್ತು ನಿಂತಿದ್ದೆವು.